ಆರು ಜನಕ್ಕೆ ಯಾವ ಮೋಟರ್‌ಹೋಮ್? ಮೊದಲು ಬೆಲ್ಟ್ ಎಣಿಸಿ

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಾನು, ನನ್ನ ಹೆಂಡತಿ, 9 ವರ್ಷದ ಮಗಳು, 5 ವರ್ಷದ ಮಗ. ಎರಡು ವರ್ಷಕ್ಕೊಮ್ಮೆ ಶಿವಮೊಗ್ಗದಿಂದ ಅಪ್ಪ ಅಮ್ಮ ಬಂದು ಐದಾರು ತಿಂಗಳು ಇರುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಮತ್ತೆ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು. ಎಲ್ಲರೂ ಸೇರಿ ಯೊಸೆಮಿಟಿ, ಯೆಲ್ಲೊಸ್ಟೋನ್ ಸುತ್ತೋಣ ಅಂತ ಒಂದು ಮೋಟರ್‌ಹೋಮ್, ಅಂದರೆ ಒಳಗೇ ಅಡುಗೆ, ಸ್ನಾನ, ನಿದ್ದೆ ಎಲ್ಲ ಆಗುವ ಗಾಡಿ, ಕೊಳ್ಳುವ ಆಸೆ. ಡೀಲರ್ ಹತ್ತಿರ ಕ್ಲಾಸ್ ಸಿ ಅನ್ನುವ ಬಗೆಯ 32 ಅಡಿಯ ಹೊಸ ಗಾಡಿ ನೋಡಿದೆವು. ಬೆಲೆ 1,20,000 ಡಾಲರ್. 8 ಜನ ಮಲಗಬಹುದು ಅಂದರು. 20 ವರ್ಷದ ಸಾಲವನ್ನೂ ಕೊಡಿಸುತ್ತಾರಂತೆ. ತೆಗೆದುಕೊಳ್ಳೋಣವೇ? ಹಳೆಯದು ನೋಡುವುದು ವಾಸಿಯೇ? ಅಥವಾ ವ್ಯಾನ್‌ನಂಥ ಸಣ್ಣದು ಸಾಕೇ?

ಉತ್ತರ: ಮುಂಗಡ ಕೊಟ್ಟಿಲ್ಲ ತಾನೇ? ಹಾಗಿದ್ದರೆ ಸದ್ಯಕ್ಕೆ ಕೊಡಬೇಡಿ. ನಿಮ್ಮ ಆಸೆ ಬಹಳ ಒಳ್ಳೆಯದು. ಅಜ್ಜಿ ತಾತನ ಜೊತೆ ಕಾಡಿನ ನಡುವೆ ನಾಲ್ಕು ರಾತ್ರಿ ಕಳೆದ ಮಕ್ಕಳು ಅದನ್ನು ಜೀವನವಿಡೀ ನೆನೆಯುತ್ತಾರೆ. ಆದರೆ ಆ 32 ಅಡಿಯ ಗಾಡಿ ನಿಮಗೆ ಹೊಂದುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಾನು ಹನ್ನೆರಡು ವರ್ಷದಿಂದ ಆರ್‌ವಿ, ಅಂದರೆ ಇಂಥ ಮನೆಗಾಡಿಗಳ ರಿಪೇರಿ ಮಾಡುತ್ತಿದ್ದೇನೆ. ಕೊಳ್ಳುವವರ ಪರವಾಗಿ ಗಾಡಿ ತಪಾಸಣೆಯನ್ನೂ ಮಾಡಿಕೊಡುತ್ತೇನೆ. ನಮ್ಮ ಕಡೆಯ ಕುಟುಂಬಗಳು ಬಂದರೆ ಮೊದಲು ಕೇಳುವುದೇ "ಎಷ್ಟು ಜನ ಮಲಗಬಹುದು?" ಅಂತ. ಡೀಲರ್ ಕೂಡ ಅದನ್ನೇ ದಪ್ಪ ಅಕ್ಷರದಲ್ಲಿ ಬರೆದಿರುತ್ತಾನೆ. ಎಂಟು ಜನ ಮಲಗುವುದೇನೋ ನಿಜ. ಆದರೆ ಅದು ಗಾಡಿ ನಿಂತ ಮೇಲಿನ ಮಾತು. ಓಡುವಾಗ ಎಷ್ಟು ಜನ ಬೆಲ್ಟ್ ಹಾಕಿ ಕೂರಬಹುದು? ಈ ಪ್ರಶ್ನೆ ಕೇಳಿದರೆ ಲೆಕ್ಕವೇ ಬದಲಾಗುತ್ತದೆ. ನಿಮ್ಮ ಮನೆಯ ಒಬ್ಬೊಬ್ಬರಿಗೂ ಮೊದಲು ಸೀಟು ಗೊತ್ತು ಮಾಡಿ. ಆಮೇಲೆ ಹಾಸಿಗೆ. ಗಾಡಿ ಎಷ್ಟು ಉದ್ದ ಇರಬೇಕು ಅನ್ನುವುದು ಅದಾದ ಮೇಲೆ ತಾನಾಗಿಯೇ ಗೊತ್ತಾಗುತ್ತದೆ.

ಮೂರು ಬಗೆಯ ಗಾಡಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಕ್ಲಾಸ್ ಎ ಅಂದರೆ ಬಸ್ಸಿನಂಥದ್ದು. ದೊಡ್ಡದು, ದುಬಾರಿ, ವರ್ಷದಲ್ಲಿ ತಿಂಗಳುಗಟ್ಟಲೆ ಅದರಲ್ಲೇ ಇರುವವರಿಗೆ. ನಿಮಗೆ ಬೇಡ. ಕ್ಲಾಸ್ ಬಿ ಅಂದರೆ ನೀವು ಕೇಳಿದ ವ್ಯಾನ್. ರ‍್ಯಾಮ್ ಪ್ರೊಮಾಸ್ಟರ್, ಫೋರ್ಡ್ ಟ್ರಾನ್ಸಿಟ್, ಮರ್ಸಿಡಿಸ್ ಸ್ಪ್ರಿಂಟರ್, ಇವುಗಳ ಒಳಗೆ ಮನೆ ಕಟ್ಟಿರುತ್ತಾರೆ. ಓಡಿಸಲು ಹಾಯಾಗಿರುತ್ತದೆ, ಪೆಟ್ರೋಲೂ ಕಮ್ಮಿ ಕುಡಿಯುತ್ತದೆ. ಆದರೆ ಹೆಚ್ಚಿನವು ಇಬ್ಬರಿಗೆ ಅಂತಲೇ ಮಾಡಿದ್ದು. ಸ್ನಾನ, ಶೌಚ ಎರಡೂ ಒಂದೇ ಗೂಡಿನಲ್ಲಿ. ಸ್ನಾನ ಮಾಡಿದರೆ ಕಮೋಡೂ ಒದ್ದೆ. ಮಂಡಿನೋವಿರುವವರು ಆ ಒದ್ದೆ ನೆಲದಲ್ಲಿ ಜಾರುವುದು ಬೇಡ. ಇನ್ನು ಕ್ಲಾಸ್ ಸಿ. ವ್ಯಾನಿನ ಮೂತಿ, ಹಿಂದೆ ಪೆಟ್ಟಿಗೆಯಂಥ ಮನೆ, ಡ್ರೈವರ್ ತಲೆಯ ಮೇಲೆ ಒಂದು ಅಟ್ಟ. ಬಹುಪಾಲು ಫೋರ್ಡ್ ಇ-350 ಅಥವಾ ಇ-450 ಚಾಸಿಯ ಮೇಲೆ ಕಟ್ಟಿದ್ದು. ಮಕ್ಕಳಿರುವ ಮನೆಗೆ ಇದೇ ಸರಿ. ಡೀಲರ್ ನಿಮಗೆ ತೋರಿಸಿದ ಬಗೆ ತಪ್ಪಲ್ಲ. ಆ ಅಳತೆ, ಆ ಸಾಲ, ಆ ಅವಸರ, ಇವು ತಪ್ಪು.

ಈಗ ಬೆಲ್ಟಿನ ವಿಷಯ. ಕ್ಲಾಸ್ ಸಿ ಗಾಡಿಯಲ್ಲಿ ಮುಂದೆ ಎರಡು ಸೀಟು. ಮಿಕ್ಕವರು ಕೂರುವುದು ಡೈನೆಟ್‌ನಲ್ಲಿ, ಅಂದರೆ ಊಟದ ಮೇಜಿನ ಎರಡು ಬದಿಯ ಬೆಂಚುಗಳಲ್ಲಿ. ಒಂದು ಬೆಂಚು ಮುಂದಕ್ಕೆ ಮುಖ ಮಾಡಿರುತ್ತದೆ, ಇನ್ನೊಂದು ಹಿಂದಕ್ಕೆ. ಡೀಲರ್ ಹತ್ತಿರ ಹೋದಾಗ ಆ ಬೆಂಚಿನ ಕುಶನ್ ಎತ್ತಿ ನೋಡಿ. ಸಂಕೋಚ ಬೇಡ. ಬೆಲ್ಟ್ ಎಲ್ಲಿಂದ ಹೊರಡುತ್ತದೆ? ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಬಿಗಿದಿದೆಯೋ, ಬರೀ ಹಲಗೆಗೋ? ಸೊಂಟಕ್ಕೆ ಮಾತ್ರ ಬರುತ್ತದೋ, ಭುಜದ ಮೇಲೂ ಬರುತ್ತದೋ? ಎಷ್ಟೋ ಗಾಡಿಗಳಲ್ಲಿ ಡೈನೆಟ್‌ಗೆ ಸೊಂಟದ ಬೆಲ್ಟ್ ಅಷ್ಟೇ ಇರುತ್ತದೆ. ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟಿಗೆ ಭುಜದ ಬೆಲ್ಟ್ ಬೇಕೇ ಬೇಕು. ಅದಿಲ್ಲದಿದ್ದರೆ ಬೂಸ್ಟರ್ ಹಾಕುವ ಹಾಗೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ 8 ವರ್ಷದೊಳಗಿನ ಮಗುವಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಬೇಕು ಅಂತ ಕಾನೂನಿದೆ. 4 ಅಡಿ 9 ಇಂಚು ಎತ್ತರ ಆಗಿದ್ದರೆ ಮಾತ್ರ ವಿನಾಯಿತಿ. ನಿಮ್ಮ ಮಗನಿಗೆ ಈ ಕಾನೂನು ತಗುಲುತ್ತದೆ. ಮಗಳು ವಯಸ್ಸಿನಲ್ಲಿ ದಾಟಿದ್ದಾಳೆ. ಆದರೂ ಅಷ್ಟು ಎತ್ತರ ಆಗುವವರೆಗೆ ಅವಳನ್ನೂ ಬೂಸ್ಟರ್‌ನಲ್ಲೇ ಕೂರಿಸಿ ಅಂತ ನಾನು ಹೇಳುತ್ತೇನೆ. ಹಾಗಾದರೆ ಇಬ್ಬರು ಮಕ್ಕಳಿಗೂ ಮುಂದಕ್ಕೆ ಮುಖ ಮಾಡಿದ, ಭುಜದ ಬೆಲ್ಟ್ ಇರುವ ಸೀಟೇ ಬೇಕು. ಅಡ್ಡಲಾಗಿರುವ ಸೋಫಾದಲ್ಲಿ ಬೆಲ್ಟ್ ಇದ್ದರೂ ಮಕ್ಕಳ ಸೀಟನ್ನು ಅಲ್ಲಿ ಕಟ್ಟಬಾರದು. ಗಾಡಿ ಗುದ್ದಿದರೆ ಆ ಕಡೆಯ ಪೆಟ್ಟನ್ನು ತಡೆಯಲು ಆ ಸೀಟು ಆಗುವುದಿಲ್ಲ.

ಆಗ ಅಪ್ಪ ಅಮ್ಮನಿಗೆ ಉಳಿಯುವುದು ಹಿಂದಕ್ಕೆ ಮುಖ ಮಾಡಿದ ಬೆಂಚು. ಡಾನರ್ ಪಾಸ್ ಹತ್ತುವ ರಸ್ತೆಯಲ್ಲಿ, ಪೆಟ್ಟಿಗೆಯಂತೆ ಅಲುಗಾಡುವ ಗಾಡಿಯಲ್ಲಿ, ಹಿಂದಕ್ಕೆ ಮುಖ ಮಾಡಿ ಮೂರು ಗಂಟೆ ಕೂತರೆ ಹಿರಿಯರಿಗೆ ಹೊಟ್ಟೆ ತೊಳೆಸುತ್ತದೆ. ಮೇಲಿನ ಕಪಾಟಿನಲ್ಲಿ ಪಾತ್ರೆ ಗಲಗಲ ಅನ್ನುತ್ತಿರುತ್ತದೆ. ಒಂದೇ ಪ್ರವಾಸಕ್ಕೆ ಅಮ್ಮ "ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರ್ತೀನಿ" ಅಂದುಬಿಡುತ್ತಾರೆ. ಇಂಥದ್ದನ್ನು ಕಣ್ಣಾರೆ ನೋಡಿದ್ದೇನೆ.

ಅದಕ್ಕೆ ನನ್ನ ಸಲಹೆ ಇದು. ಆರೂ ಜನ ಒಂದೇ ಗಾಡಿಯಲ್ಲಿ ಹೋಗಬೇಕು ಅನ್ನುವ ಹಟ ಬಿಡಿ. ನಿಮ್ಮ ಮನೆಯ ಕಾರನ್ನೂ ತನ್ನಿ. ಮೋಟರ್‌ಹೋಮ್ ನೀವು ಓಡಿಸಿ, ಪಕ್ಕದಲ್ಲಿ ಅಪ್ಪ, ಹಿಂದೆ ಮುಂದಕ್ಕೆ ಮುಖ ಮಾಡಿ ಮಕ್ಕಳಿಬ್ಬರು. ನಿಮ್ಮ ಹೆಂಡತಿ ಮತ್ತು ಅಮ್ಮ ಕಾರಿನಲ್ಲಿ ಬರಲಿ. ಅಮ್ಮ ಕಾಲು ಚಾಚಿ ಕೂರಬಹುದು, ಬೇಕೆಂದಲ್ಲಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಬಹುದು. ಪಾರ್ಕ್ ಒಳಗೆ ಸುತ್ತಲು ಕಾರು ಕೈಯಲ್ಲಿರುತ್ತದೆ. ಇಲ್ಲದಿದ್ದರೆ ಹಾಲು ತರಲು ಹೋಗಬೇಕಾದರೂ ಇಡೀ ಮನೆಯನ್ನೇ ಸ್ಟಾರ್ಟ್ ಮಾಡಬೇಕಾಗುತ್ತದೆ.

ಇದರಿಂದ ಇನ್ನೊಂದು ಲಾಭವಿದೆ, ತೂಕದ್ದು. ಮೋಟರ್‌ಹೋಮ್‌ನ ಬಾಗಿಲಿನ ಒಳಬದಿಯಲ್ಲಿ ಒಂದು ಹಳದಿ ಚೀಟಿ ಅಂಟಿಸಿರುತ್ತಾರೆ. ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿರುತ್ತದೆ. ಗಾಡಿಯ ಇಡೀ ಕಾಗದಪತ್ರದಲ್ಲಿ ಇಷ್ಟು ಮುಖ್ಯವಾದ ಅಂಕಿ ಇನ್ನೊಂದಿಲ್ಲ. ಇ-450 ಚಾಸಿ ಒಟ್ಟು 14,500 ಪೌಂಡ್ ಹೊರಬಹುದು. ಗಾಡಿ ಉದ್ದವಾದಷ್ಟೂ, ಪಕ್ಕಕ್ಕೆ ಚಾಚುವ ಸ್ಲೈಡ್‌ಗಳು ಹೆಚ್ಚಿದಷ್ಟೂ ಮನೆಯೇ ಆ ತೂಕವನ್ನು ತಿಂದುಹಾಕುತ್ತದೆ. ನಿಮಗೆ ಉಳಿಯುವುದು ಕಮ್ಮಿ. ಉದ್ದ ಗಾಡಿಯಲ್ಲಿ ಜಾಸ್ತಿ ಸಾಮಾನು ಹಿಡಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಜಾಗವೇನೋ ಇರುತ್ತದೆ, ಹೊರುವ ಶಕ್ತಿ ಇರುವುದಿಲ್ಲ.

ಚೀಟಿಯಲ್ಲಿ 1,400 ಪೌಂಡ್ ಅಂತ ಇದೆ ಅಂದುಕೊಳ್ಳೋಣ. ನೀವು 170, ನಿಮ್ಮ ಹೆಂಡತಿ 140, ಅಪ್ಪ 160, ಅಮ್ಮ 140, ಮಗಳು 75, ಮಗ 45. ಒಟ್ಟು 730. ನೀರಿನ ತೂಕ ಗ್ಯಾಲನ್‌ಗೆ 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿದರೆ 332. ಅಲ್ಲಿಗೆ 1,062 ಆಯಿತು. ಉಳಿದದ್ದು 338 ಪೌಂಡ್. ಇದರಲ್ಲೇ ಆರು ಜನರ ಬಟ್ಟೆ, ಹೊದಿಕೆ, ಕುರ್ಚಿಗಳು, ಸೈಕಲ್, ಅಕ್ಕಿ, ಬೇಳೆ, ಕುಕ್ಕರ್, ದೋಸೆ ಹೆಂಚು ಎಲ್ಲವೂ ಬರಬೇಕು. ಬರುವುದಿಲ್ಲ. ತೂಕ ಮೀರಿದರೆ ಇಳಿಜಾರಿನಲ್ಲಿ ಬ್ರೇಕ್ ಕಾಯುತ್ತದೆ, ಟೈರ್ ಒಡೆಯುತ್ತದೆ. ಇಬ್ಬರು ಕಾರಿನಲ್ಲಿ ಬಂದರೆ 280 ಪೌಂಡ್ ಅಲ್ಲೇ ಇಳಿಯಿತು. ನಾಲ್ಕು ಚೀಲವನ್ನೂ ಕಾರಿನ ಡಿಕ್ಕಿಗೆ ಹಾಕಿದರೆ ನೆಮ್ಮದಿ. ಆ 32 ಅಡಿಯ ಗಾಡಿಯ ಹಳದಿ ಚೀಟಿಯನ್ನು ಫೋಟೊ ತೆಗೆದುಕೊಂಡು ಬಂದು ನೀವೇ ಹೀಗೆ ಕೂಡಿ ನೋಡಿ.

ಇನ್ನು ಹಾಸಿಗೆ. ಡ್ರೈವರ್ ತಲೆಯ ಮೇಲಿನ ಅಟ್ಟ ಮಕ್ಕಳಿಗೆ. ಬೀಳದಂತೆ ಬಲೆ ಇರಬೇಕು. ಅಟ್ಟ ಎಷ್ಟು ಭಾರ ತಡೆಯುತ್ತದೆ ಅಂತಲೂ ಬರೆದಿರುತ್ತಾರೆ, ಓದಿ. ಹಿಂದಿನ ಮಲಗುವ ಕೋಣೆ ಅಪ್ಪ ಅಮ್ಮನಿಗೆ. ಇಲ್ಲೊಂದು ಸೂಕ್ಷ್ಮವಿದೆ. ಸಣ್ಣ ಗಾಡಿಗಳಲ್ಲಿ ಹಾಸಿಗೆಯನ್ನು ಮೂಲೆಗೆ ಒತ್ತಿ ಇಟ್ಟಿರುತ್ತಾರೆ. ಗೋಡೆಯ ಕಡೆ ಮಲಗಿದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರ ಮೇಲೆ ತೆವಳಿಕೊಂಡು ಬರಬೇಕು. ಅಮ್ಮನಿಗೆ ಅದು ಆಗುವ ಮಾತಲ್ಲ. ಹಾಸಿಗೆಯ ಎರಡೂ ಬದಿಯಿಂದ ಇಳಿಯುವಂತಿರಬೇಕು. ಡೀಲರ್ ಹತ್ತಿರ ಚಪ್ಪಲಿ ಬಿಟ್ಟು ಆ ಹಾಸಿಗೆಯ ಮೇಲೆ ಮಲಗಿ. ಎದ್ದು, ದೀಪ ಹಾಕದೆ, ಕಣ್ಣು ಮುಚ್ಚಿಕೊಂಡು ಬಾತ್‌ರೂಮಿನವರೆಗೆ ಹೋಗಿ. ಎಲ್ಲಿ ಮಂಡಿ ತಗುಲುತ್ತದೆ, ಎಲ್ಲಿ ಮೆಟ್ಟಿಲು ಎಡವುತ್ತದೆ ಅಂತ ಗೊತ್ತಾಗುತ್ತದೆ. ಹಾಗೆಯೇ ಹೊರಗಿನ ಮೆಟ್ಟಿಲು. ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ? ಹಿಡಿಯಲು ಗಟ್ಟಿ ಕಂಬಿ ಇದೆಯೇ? ದಿನಕ್ಕೆ ಹತ್ತಿಪ್ಪತ್ತು ಸಲ ಹತ್ತಿ ಇಳಿಯುವ ಜಾಗ ಅದು. ನೀವಿಬ್ಬರು ಡೈನೆಟ್ ಮಡಚಿ ಮಲಗುತ್ತೀರಿ. ಎರಡು ವರ್ಷಕ್ಕೊಮ್ಮೆ ಅಷ್ಟೇ ಅಲ್ವಾ, ನಡೆಯುತ್ತದೆ.

ಇಷ್ಟಕ್ಕೆಲ್ಲ 26ರಿಂದ 28 ಅಡಿ ಸಾಕು. ಒಂದು ಸ್ಲೈಡ್ ಇರಲಿ, ಮೂರು ಬೇಡ. ಪಾರ್ಕ್‌ಗಳ ಕಡೆಯಿಂದ ನೋಡಿದರೂ ಇದೇ ಸರಿ. ಯೊಸೆಮಿಟಿ ಕಣಿವೆಯ ಅಪ್ಪರ್ ಪೈನ್ಸ್ ಕ್ಯಾಂಪಿನಲ್ಲಿ 35 ಅಡಿಯವರೆಗೆ ಬಿಡುತ್ತಾರೆ ಅಂತ ಬರೆದಿದೆ, ಆದರೆ ಅಷ್ಟುದ್ದ ಹಿಡಿಯುವ ಸೈಟುಗಳು, ಅಂದರೆ ಗಾಡಿ ನಿಲ್ಲಿಸುವ ಜಾಗಗಳು, ಕೆಲವೇ. ಗಾಡಿ ಗಿಡ್ಡದಾದಷ್ಟೂ ಸೈಟ್ ಸಿಗುವುದು ಸುಲಭ. ಮೊಂಟಾನಾದ ಗ್ಲೇಸಿಯರ್ ಪಾರ್ಕ್‌ನಲ್ಲಿ ಗೋಯಿಂಗ್-ಟು-ದ-ಸನ್ ರೋಡ್ ಅಂತ ಒಂದು ಚೆಂದದ ಬೆಟ್ಟದ ರಸ್ತೆ ಇದೆ. ಅಲ್ಲಿ ಮೇಲಿನ ಭಾಗಕ್ಕೆ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ಯೂಟಾದ ಝಯಾನ್ ಪಾರ್ಕ್‌ನಲ್ಲಿ 1930ರಲ್ಲಿ ತೆರೆದ ಸುರಂಗವೊಂದಿದೆ. 11 ಅಡಿ 4 ಇಂಚಿಗಿಂತ ಎತ್ತರದ, 7 ಅಡಿ 10 ಇಂಚಿಗಿಂತ ಅಗಲದ ಗಾಡಿಗಳಿಗೆ ಅಲ್ಲಿ ನಿರ್ಬಂಧ. ಬಹುತೇಕ ಎಲ್ಲ ಕ್ಲಾಸ್ ಸಿ ಗಾಡಿಗಳೂ ಇದನ್ನು ಮೀರುತ್ತವೆ. ಇಂಥ ಕಡೆಗಳಲ್ಲಿ ಕಾರು ಜೊತೆಗಿದ್ದರೆ ಮೋಟರ್‌ಹೋಮನ್ನು ಕ್ಯಾಂಪಿನಲ್ಲೇ ಬಿಟ್ಟು ಹೋಗಬಹುದು. ಓಡಿಸುವುದಕ್ಕೂ ಗಿಡ್ಡದೇ ಒಳ್ಳೆಯದು. 32 ಅಡಿಯ ಗಾಡಿಯ ಹಿಂದಿನ ಚಕ್ರದಿಂದ ಆಚೆಗೆ ಹತ್ತಡಿ ಆಸುಪಾಸು ಬಾಲ ಚಾಚಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಬಲಕ್ಕೆ ತಿರುಗಿಸಿದರೆ ಆ ಬಾಲ ಎಡಕ್ಕೆ ಬೀಸುತ್ತದೆ. ಹಾಗೆ ಕಂಬಕ್ಕೆ ತಗುಲಿಸಿಕೊಂಡ ಗಾಡಿಗಳು ನನ್ನ ಶೆಡ್ಡಿಗೆ ಬರುತ್ತಲೇ ಇರುತ್ತವೆ.

ಅಡುಗೆಯ ವಿಷಯ ಯಾವ ಡೀಲರೂ ನಿಮಗೆ ಹೇಳುವುದಿಲ್ಲ, ಅವರಿಗೆ ಗೊತ್ತೂ ಇಲ್ಲ. ಕ್ಲಾಸ್ ಸಿ ಗಾಡಿಯ ಒಲೆಯಲ್ಲಿ ಎರಡೋ ಮೂರೋ ಬರ್ನರ್ ಇರುತ್ತವೆ, ಒಂದಕ್ಕೊಂದು ಅಂಟಿಕೊಂಡಂತೆ. ಐದು ಲೀಟರ್ ಕುಕ್ಕರ್ ಇಟ್ಟರೆ ಪಕ್ಕದ ಬರ್ನರ್ ಮುಚ್ಚಿಹೋಗುತ್ತದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಬಿದ್ದ ಅರ್ಧ ನಿಮಿಷಕ್ಕೆ ಹೊಗೆಯ ಅಲಾರಂ ಕಿರುಚುತ್ತದೆ. ಆಗ ಜನ ಅಲಾರಂನ ಬ್ಯಾಟರಿ ಕೀಳುತ್ತಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಅಷ್ಟು ಸಣ್ಣ ಜಾಗದಲ್ಲಿ, ಗ್ಯಾಸ್ ಪಕ್ಕದಲ್ಲಿ, ಆರು ಜನ ಮಲಗುತ್ತೀರಿ. ಅದರ ಬದಲು ಚಾವಣಿಯಲ್ಲಿ ಒಳ್ಳೆಯ ಫ್ಯಾನ್ ಇರುವ ಗಾಡಿ ಆರಿಸಿ. ಕೈಯಲ್ಲಿ ಒಂದು ಹಾಳೆ ಹಿಡಿದು ಫ್ಯಾನ್ ಹಾಕಿ ನೋಡಿ, ಹಾಳೆಯನ್ನು ಎಳೆದುಕೊಳ್ಳಬೇಕು. ಒಗ್ಗರಣೆ, ದೋಸೆ ಎರಡನ್ನೂ ಹೊರಗೆ ಸಣ್ಣ ಗ್ಯಾಸ್ ಒಲೆಯ ಮೇಲೆ ಮಾಡಿಕೊಂಡರೆ ಇನ್ನೂ ವಾಸಿ. ಕರಡಿ ಓಡಾಡುವ ಪಾರ್ಕ್‌ಗಳಲ್ಲಿ ಅಡುಗೆ ಮುಗಿದ ಕೂಡಲೇ ಎಲ್ಲ ಒರೆಸಿ ಒಳಗೆ ಎತ್ತಿಡಬೇಕು, ಅಷ್ಟೇ.

ಇಂಡಕ್ಷನ್ ಒಲೆ ಇಟ್ಟುಕೊಂಡರೆ ಆಗಲ್ವಾ ಅಂತ ಕೇಳಬಹುದು. 30 ಆಂಪ್ ಸಂಪರ್ಕ ಅಂದರೆ 3,600 ವ್ಯಾಟ್. ಇಂಡಕ್ಷನ್ ಒಂದೇ 1,800 ಎಳೆಯುತ್ತದೆ. ಮೇಲೆ ಎಸಿ ಓಡುತ್ತಿದ್ದು, ಯಾರೋ ಮೈಕ್ರೊವೇವ್ ಒತ್ತಿದರೆ ಕರೆಂಟು ಹೋಗುತ್ತದೆ. ಇನ್ನು ಯೊಸೆಮಿಟಿಯ ಕ್ಯಾಂಪ್‌ಗಳಲ್ಲಂತೂ ಕರೆಂಟ್ ಸಂಪರ್ಕವೇ ಇಲ್ಲ. ಜನರೇಟರ್ ಹಾಕಲು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7, ಇಷ್ಟೇ ಹೊತ್ತು. ಬೆಳಗಿನ 6ಕ್ಕೆ ಮಿಕ್ಸಿಯಲ್ಲಿ ಚಟ್ನಿ ರುಬ್ಬಬೇಕು ಅಂದರೆ ಒಳ್ಳೆಯ ಬ್ಯಾಟರಿ, ಇನ್ವರ್ಟರ್ ಬೇಕು. ಲಿಥಿಯಂ ಬ್ಯಾಟರಿ, ಮೇಲೆ ಸೋಲಾರ್ ಇರುವ ಗಾಡಿ ಸಿಕ್ಕರೆ ಅದಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಡಬಹುದು. ಯೆಲ್ಲೊಸ್ಟೋನ್ ಒಳಗೆ ಕರೆಂಟು, ನೀರು, ಕೊಳೆನೀರಿನ ಪೈಪು ಮೂರೂ ಸಿಗುವುದು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್ ಒಂದರಲ್ಲೇ. ಅಲ್ಲಿ ಕರಡಿ ಕಾಟ ಇರುವುದರಿಂದ ಗಟ್ಟಿ ಗೋಡೆಯ ಗಾಡಿಗಳನ್ನು ಮಾತ್ರ ಬಿಡುತ್ತಾರೆ.

ನೀರಿನದು ಇನ್ನೊಂದು ಲೆಕ್ಕ. ಪಾತ್ರೆ ತೊಳೆದ, ಸ್ನಾನದ ನೀರು ಗ್ರೇ ಟ್ಯಾಂಕ್‌ಗೆ ಹೋಗುತ್ತದೆ, ಶೌಚದ್ದು ಬ್ಲ್ಯಾಕ್ ಟ್ಯಾಂಕ್‌ಗೆ. ಈ ಅಳತೆಯ ಗಾಡಿಗಳಲ್ಲಿ ಒಂದೊಂದೂ 30-40 ಗ್ಯಾಲನ್. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವ ಅಭ್ಯಾಸ ಇದ್ದರೆ ಆರು ಜನಕ್ಕೆ ಗ್ರೇ ಟ್ಯಾಂಕ್ ಎರಡನೇ ದಿನಕ್ಕೇ ತುಂಬುತ್ತದೆ. ತುಂಬಿದ ಮೇಲೆ ಕೊಳೆನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ಗೆ ಗಾಡಿ ಒಯ್ಯಲೇಬೇಕು. ಬ್ಲ್ಯಾಕ್ ಟ್ಯಾಂಕ್ ಬಗ್ಗೆ ಒಂದು ಸಮಾಧಾನದ ಮಾತು. ನಮ್ಮವರು ನೀರು ಬಳಸುತ್ತೇವೆ, ಕಾಗದ ಕಮ್ಮಿ. ಆ ಟ್ಯಾಂಕ್‌ಗೆ ಅದೇ ಒಳ್ಳೆಯದು. ಕಾಗದ ಜಾಸ್ತಿ, ನೀರು ಕಮ್ಮಿ ಆದಾಗಲೇ ಅದು ಗಟ್ಟಿಯಾಗಿ ಕಟ್ಟಿಕೊಳ್ಳುವುದು. ಚೊಂಬಿನ ಬದಲು ಕೈಯಲ್ಲಿ ಹಿಡಿಯುವ ಸಣ್ಣ ಸ್ಪ್ರೇ ಹಾಕಿಸಿಕೊಡಿ. ನೀರೂ ಉಳಿಯುತ್ತದೆ, ಅಪ್ಪ ಅಮ್ಮನಿಗೂ ಸರಾಗ.

ಹೊಸದೋ ಹಳೆಯದೋ? ಹಳೆಯದೇ. ಐದರಿಂದ ಎಂಟು ವರ್ಷದ್ದು. ಹೊಸ ಮೋಟರ್‌ಹೋಮ್ ಅಂಗಡಿಯಿಂದ ಹೊರಬಿದ್ದ ಕೂಡಲೇ ಬೆಲೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಕಳೆದುಕೊಳ್ಳುತ್ತದೆ. ಜೊತೆಗೆ ಹೊಸ ಗಾಡಿಯಲ್ಲಿ ತೊಂದರೆ ಇರುವುದಿಲ್ಲ ಅನ್ನುವುದು ಕಾರಿಗೆ ಸರಿ, ಇದಕ್ಕಲ್ಲ. ಇದು ಒಬ್ಬರು ಮಾಡಿದ ವಸ್ತುವಲ್ಲ. ಎಂಜಿನ್, ಚಾಸಿ ಒಬ್ಬರದು. ಮನೆ ಕಟ್ಟಿದವರು ಬೇರೆ, ಹೆಚ್ಚಿನವರು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನವರು. ಫ್ರಿಜ್, ಹೀಟರ್, ಎಸಿ ಮತ್ತೊಬ್ಬರದು. ಕೆಟ್ಟಾಗ ಒಬ್ಬರು ಇನ್ನೊಬ್ಬರತ್ತ ಕೈತೋರಿಸುತ್ತಾರೆ. ಮನೆಯ ಭಾಗಕ್ಕೆ ವಾರಂಟಿ ಸಾಮಾನ್ಯವಾಗಿ ಒಂದೇ ವರ್ಷ. ದೋಷವಿರುವ ಹೊಸ ಗಾಡಿ ಕೊಂಡವರನ್ನು ಕಾಯುವ ಕ್ಯಾಲಿಫೋರ್ನಿಯಾದ ಲೆಮನ್ ಲಾ ಕೂಡ ಮೋಟರ್‌ಹೋಮ್‌ನ ಎಂಜಿನ್, ಚಾಸಿ ಭಾಗಕ್ಕೆ ಮಾತ್ರ ರಕ್ಷಣೆ ಕೊಡುತ್ತದೆ, ವಾಸದ ಭಾಗಕ್ಕೆ ಇಲ್ಲ. ಕೆಡುವುದು ಹೆಚ್ಚಾಗಿ ವಾಸದ ಭಾಗವೇ! ಐದಾರು ವರ್ಷ ಚೆನ್ನಾಗಿ ಓಡಾಡಿದ ಗಾಡಿಯಲ್ಲಿ ಆ ಮೊದಲ ತೊಂದರೆಗಳನ್ನೆಲ್ಲ ಹಿಂದಿನ ಮಾಲೀಕರು ಸರಿಮಾಡಿಸಿರುತ್ತಾರೆ.

20 ವರ್ಷದ ಸಾಲದ ಮಾತು ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. 24,000 ಕೈಯಿಂದ ಹಾಕಿ 96,000 ಸಾಲ ತೆಗೆದಿರಿ, ಬಡ್ಡಿ 8% ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಸುಮಾರು 803 ಡಾಲರ್. ಕೇಳಲು ಹಗುರ. ಆದರೆ 20 ವರ್ಷದಲ್ಲಿ ಬಡ್ಡಿಯೇ 96,000 ದಾಟುತ್ತದೆ. ಐದು ವರ್ಷ ಕಟ್ಟಿದ ಮೇಲೂ 84,000 ಬಾಕಿ ಇರುತ್ತದೆ. ಆ ಹೊತ್ತಿಗೆ ಗಾಡಿಗೆ ಅಷ್ಟು ಬೆಲೆ ಬರುವುದಿಲ್ಲ. ಮಾರಬೇಕು ಅಂದರೆ ಕೈಯಿಂದ ದುಡ್ಡು ಹಾಕಿ ಮಾರಬೇಕು. ಅಪ್ಪ ಅಮ್ಮ ಬರುವುದು ಎರಡು ವರ್ಷಕ್ಕೊಮ್ಮೆ. ಮಗಳು ಹತ್ತು ವರ್ಷದೊಳಗೆ ಕಾಲೇಜಿಗೆ. 20 ವರ್ಷದ ಸಾಲ ಯಾರಿಗೋಸ್ಕರ? ಇದರ ಮೇಲೆ ವಿಮೆ, ಮನೆ ಮುಂದೆ ನಿಲ್ಲಿಸಲು ಬಿಡದಿದ್ದರೆ ತಿಂಗಳ ಪಾರ್ಕಿಂಗ್ ಬಾಡಿಗೆ. ಮೈಲೇಜ್ ಗ್ಯಾಲನ್‌ಗೆ 8ರಿಂದ 10 ಮೈಲಿ. ಫ್ರೀಮಾಂಟ್‌ನಿಂದ ಯೆಲ್ಲೊಸ್ಟೋನ್‌ಗೆ ಹೋಗಿ ಬರಲು ಸುಮಾರು 2,000 ಮೈಲಿ. 200ರಿಂದ 250 ಗ್ಯಾಲನ್ ಪೆಟ್ರೋಲ್ ಬೇಕು.

ಹಳೆಯ ಗಾಡಿ ನೋಡುವಾಗ ಎಂಜಿನ್‌ಗಿಂತ ಮೊದಲು ನೀರು ಹುಡುಕಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಮೊದಲ ಗಾಡಿಯನ್ನು ಒಬ್ಬ ವ್ಯಾಪಾರಿಯಿಂದ ಕೊಂಡೆ. ತೊಳೆದು ಪಾಲಿಶ್ ಮಾಡಿ ಫಳಫಳ ಹೊಳೆಯುತ್ತಿತ್ತು. ಒಳಗೆ ನಿಂಬೆಯ ಪರಿಮಳ. ಎಂಜಿನ್ ಸೊಗಸಾಗಿ ಓಡುತ್ತಿತ್ತು. ಮೊದಲ ಚಳಿಗಾಲದ ಮಳೆಗೆ ಅಟ್ಟದ ಹಾಸಿಗೆಯ ಅಂಚು ತಣ್ಣಗಾಯಿತು. ಒಳಗಿನ ಹಲಗೆ ಬಿಚ್ಚಿದೆ. ಮರದ ಪಟ್ಟಿ ನೆನೆದ ಬಿಸ್ಕತ್ತಿನ ಹಾಗಿತ್ತು, ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಸೋರಿದ್ದು ಆ ವರ್ಷವಲ್ಲ, ಎಷ್ಟೋ ವರ್ಷದಿಂದ. ಆ ನಿಂಬೆಯ ಪರಿಮಳ ಯಾಕಿತ್ತು ಅಂತ ಆಗ ಅರ್ಥವಾಯಿತು. ಮುಂಭಾಗವನ್ನೆಲ್ಲ ಕಿತ್ತು ಮತ್ತೆ ಕಟ್ಟಬೇಕಾಯಿತು.

ಅದಕ್ಕೆ ಈಗ ನಾನು ಗಾಡಿ ಒಳಗೆ ಕಾಲಿಟ್ಟ ಕೂಡಲೇ ಅಟ್ಟದ ಹಾಸಿಗೆ ಎತ್ತುತ್ತೇನೆ. ಎರಡೂ ಮೂಲೆಗೆ ಹೆಬ್ಬೆರಳು ಒತ್ತುತ್ತೇನೆ. ಗಟ್ಟಿಯಾಗಿರಬೇಕು. ಮುಗ್ಗಲು ವಾಸನೆ ಬಂದರೆ, ಅಥವಾ ಅದನ್ನು ಮುಚ್ಚಲು ಸೆಂಟು ಹೊಡೆದಿದ್ದರೆ, ಎಚ್ಚರ. ಕಪಾಟುಗಳ ಒಳಗೆ ಟಾರ್ಚ್ ಹಾಕಿ ಕಂದು ಕಲೆ ಹುಡುಕಿ. ಶವರ್ ಮುಂದೆ, ಬಾಗಿಲ ಮುಂದೆ ಹಿಮ್ಮಡಿ ಊರಿ ನಿಲ್ಲಿ, ನೆಲ ಮೆತ್ತಗೆ ಕುಸಿಯಬಾರದು. ಹೊರಗಿನ ಗೋಡೆಗೆ ಕೆನ್ನೆ ಇಟ್ಟು ಉದ್ದಕ್ಕೂ ಕಣ್ಣು ಹಾಯಿಸಿ. ಉಬ್ಬು ಕಂಡರೆ ಒಳಗೆ ನೀರು ಹೋಗಿ ಪದರ ಬಿಟ್ಟಿದೆ ಅಂತ ಅರ್ಥ. ಅಂಥ ಗಾಡಿಯನ್ನು ಅರ್ಧ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಏಣಿ ಹಾಕಿ ಚಾವಣಿ ನೋಡಿ. ಫ್ಯಾನ್, ಕಿಟಕಿಗಳ ಸುತ್ತ ಹಚ್ಚಿದ ಸೀಲಂಟ್ ಬಿರಿದಿರಬಾರದು.

ಟೈರ್ ಗೋಡೆಯ ಮೇಲೆ DOT ಅನ್ನುವ ಅಕ್ಷರಗಳಿಂದ ಶುರುವಾಗುವ ಒಂದು ಸಾಲಿದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಮೋಟರ್‌ಹೋಮ್‌ಗಳು ನಿಂತೇ ಇರುವುದು ಜಾಸ್ತಿ, ಟೈರ್ ಸವೆದಿರುವುದಿಲ್ಲ, ಆದರೆ ವಯಸ್ಸಾಗಿರುತ್ತದೆ. ಆರೇಳು ವರ್ಷ ದಾಟಿದ್ದರೆ ಆರೂ ಟೈರಿನ ಬೆಲೆಯನ್ನು ಗಾಡಿಯ ಬೆಲೆಯಿಂದ ಕಳೆದು ಮಾತಾಡಿ. ಜನರೇಟರ್‌ನ ಗಂಟೆ ಮೀಟರ್ ಕೂಡ ಹಾಗೇ. ಎಂಟು ವರ್ಷದ ಗಾಡಿಯ ಜನರೇಟರ್ 40 ಗಂಟೆ ಮಾತ್ರ ಓಡಿದೆ ಅಂದರೆ ಅದು ಹೆಮ್ಮೆಯ ಮಾತಲ್ಲ. ತಿಂಗಳಿಗೊಮ್ಮೆ ಓಡಿಸದೆ ಬಿಟ್ಟರೆ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ನೀವು ಹೋಗುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರದಂತೆ ನೋಡಿಕೊಳ್ಳಿ. ತಣ್ಣಗಿರುವಾಗ ನಿಮ್ಮೆದುರೇ ಶುರು ಮಾಡಿಸಿ, ಎಸಿ ಹಾಕಿ ಅರ್ಧ ಗಂಟೆ ಬಿಡಿ. ಇಷ್ಟೆಲ್ಲ ನೀವು ನೋಡಿದ ಮೇಲೂ, ಮಾರುವವರಿಗೆ ಸಂಬಂಧವಿಲ್ಲದ ಒಬ್ಬ ತಪಾಸಣೆಗಾರರಿಂದ ನೋಡಿಸಿ. ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಕೊನೆಗೆ ಯಾವಾಗ ಕೊಳ್ಳುವುದು ಅನ್ನುವ ವಿಷಯ. ಈಗ ಬೇಡ. ಅಪ್ಪ ಅಮ್ಮ ಬರಲಿ. ಮೇ ತಿಂಗಳಲ್ಲಿ 25-28 ಅಡಿಯ ಕ್ಲಾಸ್ ಸಿ ಒಂದನ್ನು ಬಾಡಿಗೆಗೆ ತೆಗೆದುಕೊಳ್ಳಿ. ಕ್ರೂಸ್ ಅಮೆರಿಕಾದಂಥ ಕಂಪನಿಗಳು ಕೊಡುತ್ತವೆ, ಔಟ್‌ಡೋರ್ಸಿ, ಆರ್‌ವಿಶೇರ್ ವೆಬ್‌ಸೈಟುಗಳ ಮೂಲಕ ಮಾಲೀಕರೂ ಕೊಡುತ್ತಾರೆ. ಮೊದಲ ಸಲ ದೂರ ಬೇಡ. ಹಾಫ್ ಮೂನ್ ಬೇ ಕಡೆ ಎರಡು ರಾತ್ರಿ ಸಾಕು. ಸಾರು, ಪಲ್ಯ ಎಲ್ಲ ಅದರಲ್ಲೇ ಮಾಡಿ. ಅಮ್ಮ ರಾತ್ರಿ ಎಷ್ಟು ಸಲ ಎದ್ದರು, ಮೆಟ್ಟಿಲು ಇಳಿಯಲು ಯಾರ ಕೈ ಹಿಡಿದರು ಅಂತ ಗಮನಿಸಿ. ಅವರಾಗಿ ಹೇಳುವುದಿಲ್ಲ. ಆಮೇಲೆ ಜೂನ್‌ನಲ್ಲಿ ಅದೇ ಥರದ ಗಾಡಿಯಲ್ಲಿ ಯೊಸೆಮಿಟಿಗೆ ಹೋಗಿ ಬನ್ನಿ. ಎರಡೂ ಸಲ ಎಲ್ಲರೂ ಖುಷಿಯಾಗಿದ್ದರೆ ಅಕ್ಟೋಬರ್-ನವೆಂಬರ್‌ನಲ್ಲಿ ಕೊಳ್ಳಿ. ಸೀಸನ್ ಮುಗಿದಿರುತ್ತದೆ, ಚಳಿಗಾಲವಿಡೀ ಗಾಡಿ ಇಟ್ಟುಕೊಳ್ಳುವುದು ಬೇಡ ಅನ್ನುವವರು ಬೆಲೆ ಇಳಿಸುತ್ತಾರೆ.

ಜೂನ್ ಮೊದಲ ವಾರಕ್ಕೆ ಅಪ್ಪರ್ ಪೈನ್ಸ್ ಸೈಟ್ ಬೇಕಿದ್ದರೆ ಬುಕಿಂಗ್ ತೆರೆಯುವುದು ಜನವರಿ 15ರ ಬೆಳಿಗ್ಗೆ 7ಕ್ಕೆ, ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ. ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಸಂಕ್ರಾಂತಿಯ ಸಂಭ್ರಮದಲ್ಲಿ ಮರೆತೀರಿ. ಹಿಂದಿನ ರಾತ್ರಿಯೇ ಲಾಗಿನ್ ಮಾಡಿಟ್ಟು, ಗಾಡಿಯ ಉದ್ದ 28 ಅಡಿ ಅಂತ ತುಂಬಿಸಿ, ಅಲಾರಂ ಇಟ್ಟು ಮಲಗಿ.